ಘಟ್ಟ ಇಳಿದು ಬಂದವರು, ಕಡಲು ದಾಟಿ ಹೋದವರು

ಮಳೆಗಾಲ ಹಿಂದೆ ಸರಿಯುತ್ತಿದ್ದ ದಿನಗಳು. ಕಚೇರಿಗೆ ಒಂದು ದೂರವಾಣಿ ಕರೆ ಬಂತು. ಮಾತನಾಡಿದವರು ನಿವೃತ್ತ ಶಿಕ್ಷಕರು, ನಮ್ಮ ಪತ್ರಿಕೆಯ ಹಳೆಯ ಓದುಗರು. “ನಮ್ಮ ಮನೆಯ ಹಿಂದಿನ ಖಾಲಿ ಜಾಗದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಹತ್ತು ಹನ್ನೆರಡು ಜನ ಬಂದು ಕೂತಿದ್ದಾರೆ. ಬಾಂಗ್ಲಾದವರಂತೆ. ಕೇಳುವವರೇ ಇಲ್ಲ. ನೀವಾದರೂ ಬರೆಯಿರಿ” ಎಂದರು. ದನಿಯಲ್ಲಿ ಸಿಟ್ಟಿಗಿಂತ ಆತಂಕವೇ ಹೆಚ್ಚಾಗಿತ್ತು.

ಮಾರನೆಯ ದಿನ ಸಂಜೆ ಅಲ್ಲಿಗೆ ಹೋದೆ. ಪಕ್ಕದಲ್ಲಿ ಬಹುಮಹಡಿ ಕಟ್ಟಡವೊಂದು ಏಳುತ್ತಿತ್ತು. ಶೆಡ್ಡಿನಲ್ಲಿ ಹನ್ನೆರಡು ಮಂದಿ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಒಂಬತ್ತು ಮಂದಿ ಪಶ್ಚಿಮ ಬಂಗಾಳದ ಮಾಲ್ದಾ ಜಿಲ್ಲೆಯವರು. ನಾನು ಪ್ರಶ್ನೆ ಕೇಳುವ ಮೊದಲೇ ಅವರಲ್ಲೊಬ್ಬ ತಲೆದಿಂಬಿನ ಅಡಿಯಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದ. ಮತದಾರರ ಚೀಟಿ, ಆಧಾರ್, ತಂದೆಯ ಹೆಸರಿರುವ ಹಳೆಯ ಮತದಾರರ ಪಟ್ಟಿಯ ಜೆರಾಕ್ಸ್ ಪ್ರತಿ ಎಲ್ಲವನ್ನೂ ಚಾಪೆಯ ಮೇಲೆ ಒಂದೊಂದಾಗಿ ಹರಡಿದ. ಹೀಗೆ ಹರಡಿ ಅಭ್ಯಾಸವಾಗಿದೆ ಎಂಬುದು ನೋಡಿದರೇ ತಿಳಿಯುತ್ತಿತ್ತು.

ಉಳಿದ ಮೂವರು ಕೊಪ್ಪಳ ಜಿಲ್ಲೆಯವರು. ಅವರ ಮಾತೃಭಾಷೆ ಕನ್ನಡ. ಓಣಿಯವರ ಬಾಯಲ್ಲಿ ಅವರೂ ‘ಬಾಂಗ್ಲಾದವರು’ ಆಗಿದ್ದರು.

ಅಕ್ರಮ ವಲಸೆಯ ಕುರಿತು ಕರಾವಳಿಯಲ್ಲಿ, ಅಷ್ಟೇಕೆ, ದೇಶದಾದ್ಯಂತ ನಡೆಯುತ್ತಿರುವ ವಾದವಿವಾದವನ್ನು ಅರ್ಥ ಮಾಡಿಕೊಳ್ಳಲು ಈ ಶೆಡ್ಡು ಒಳ್ಳೆಯ ಜಾಗ. ಒಂದು ಪಕ್ಷದವರು ‘ದೇಶದ ಭದ್ರತೆ’ ಎನ್ನುತ್ತಾರೆ. ಇನ್ನೊಂದು ಪಕ್ಷದವರು ‘ಬಡವರ ಮೇಲೆ ಜನಾಂಗದ್ವೇಷ’ ಎನ್ನುತ್ತಾರೆ. ಇಬ್ಬರೂ ಒಂದೇ ವಿಷಯದ ಬಗ್ಗೆ ಮಾತನಾಡುತ್ತಿದ್ದೇವೆ ಎಂದುಕೊಂಡಿದ್ದಾರೆ. ಹಾಗೆ ನೋಡಿದರೆ ಇಲ್ಲಿರುವುದು ಮೂರು ಬೇರೆ ಬೇರೆ ಪ್ರಶ್ನೆಗಳು. ಈ ಮನುಷ್ಯನ ಕಾಗದ ಸರಿ ಇದೆಯೇ ಎಂಬುದು ಒಂದು. ಇವನಿಗೆ ಸಿಗುವ ಕೂಲಿ ನ್ಯಾಯವಾದದ್ದೇ, ಇವನಿಂದ ಇತರರ ಕೂಲಿ ಕುಸಿಯುತ್ತದೆಯೇ ಎಂಬುದು ಎರಡನೆಯದು. ಇವನ ಮುಖ, ಮಾತು, ಹೆಸರು ನೋಡಿ ಮಾತ್ರ ಇವನನ್ನು ಅನುಮಾನಿಸುತ್ತಿದ್ದೇವೆಯೇ ಎಂಬುದು ಮೂರನೆಯದು. ಕಾಗದ, ಕೂಲಿ, ಮುಖ. ಈ ಮೂರನ್ನು ಕಲಸಿಬಿಟ್ಟಾಗ ಗದ್ದಲವಷ್ಟೇ ಉಳಿಯುತ್ತದೆ.

ಇದನ್ನು ಬಿಡಿಸಿ ನೋಡಲು ಮಂಗಳೂರಿಗಿಂತ ತಕ್ಕ ಊರು ಇಲ್ಲ. ಏಕೆಂದರೆ ಈ ಊರಿನವರು ಈ ವಾದದ ಎರಡೂ ಬದಿಗಳಲ್ಲಿ ನಿಂತವರು.

ಮೊದಲು ಘಟ್ಟ ಹತ್ತಿದವರು

ಮಂಗಳೂರಿನಲ್ಲಿ ‘ಘಟ್ಟದವರು’ ಎಂಬ ಮಾತಿಗೆ ಬರೀ ಭೂಗೋಳದ ಅರ್ಥವಷ್ಟೇ ಇಲ್ಲ. ರಸ್ತೆ ಅಗೆಯುವವರು, ಕಲ್ಲು ಹೊರುವವರು, ಶೆಡ್ಡಿನಲ್ಲಿ ಮಲಗುವವರು ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿದೆ. ಬಾಗಲಕೋಟೆಯವನಿರಲಿ, ಗದಗದವನಿರಲಿ, ಕೊಪ್ಪಳದವನಿರಲಿ, ಎಲ್ಲರೂ ‘ಬಿಜಾಪುರದವರು’.

ನೂರು ವರ್ಷಗಳ ಹಿಂದೆ ಪ್ರವಾಹ ಎದುರು ದಿಕ್ಕಿನಲ್ಲಿ ಹರಿಯುತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಕೊಡಗು ಮತ್ತು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಕಾಫಿ ತೋಟಗಳು ಎದ್ದಾಗ ಕೆಲಸಕ್ಕೆ ಜನ ಬೇಕಾಯಿತು. ದಕ್ಷಿಣ ಕನ್ನಡದ ಹಳ್ಳಿಗಳಿಗೆ ಮೇಸ್ತ್ರಿಗಳು ಬಂದು ಮುಂಗಡ ಕೊಟ್ಟು ಬಡ ಕುಟುಂಬಗಳನ್ನು ಘಟ್ಟ ಹತ್ತಿಸಿದರು. ಬೆಳೆಯ ಕಾಲಕ್ಕೆ ಮೇಲೆ ಹೋಗಿ ಮಳೆಗೆ ಮೊದಲು ಕೆಳಗಿಳಿಯುವುದು ವಾಡಿಕೆ. ಮಲೇರಿಯಾದಿಂದ ಹಿಂದಿರುಗದೇ ಹೋದವರೂ ಉಂಟು. ಮುಂಗಡ ಪಡೆದು ಕೆಲಸ ಬಿಟ್ಟು ಹೋದವನನ್ನು ಶಿಕ್ಷಿಸಲು ಬ್ರಿಟಿಷರು 1859ರಲ್ಲೇ ಕರಾರು ಉಲ್ಲಂಘನೆ ಕಾಯ್ದೆ ಮಾಡಿದ್ದರು. ಆಗ ಕೊಡಗು ಪ್ರತ್ಯೇಕ ಪ್ರಾಂತ, ಚಿಕ್ಕಮಗಳೂರು ಮೈಸೂರು ಸಂಸ್ಥಾನದಲ್ಲಿ, ದಕ್ಷಿಣ ಕನ್ನಡ ಮದ್ರಾಸು ಆಧಿಪತ್ಯದಲ್ಲಿ. ಅಂದರೆ ಈ ಕೂಲಿಗಳು ಆ ಕಾಲದ ‘ಹೊರ ರಾಜ್ಯದವರು’. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದ ಮೇಲಷ್ಟೇ ಈ ಮೂರೂ ಒಂದೇ ರಾಜ್ಯದೊಳಗೆ ಬಂದವು.

ಆಮೇಲೆ ಪರಿಸ್ಥಿತಿ ಬದಲಾಯಿತು. 1974ರ ಭೂಸುಧಾರಣೆಯಿಂದ ಅನೇಕ ಗೇಣಿದಾರರು ಜಮೀನಿನ ಒಡೆಯರಾದರು. ಮಕ್ಕಳು ಶಾಲೆಗೆ ಹೋದರು, ಬ್ಯಾಂಕು ಸೇರಿದರು, ವಿಮಾನ ಹತ್ತಿದರು. ಕಲ್ಲು ಹೊರುವ ಕೆಲಸ ಮಾತ್ರ ಊರಿನಲ್ಲಿ ಉಳಿಯಿತು. ಅದನ್ನು ಮಾಡಲು ಮಳೆ ಕೈಕೊಟ್ಟ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಜನ ಇಳಿದು ಬಂದರು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಉತ್ತರದ ರಾಜ್ಯಗಳ ದಾರಿಯೂ ಹತ್ತಿರವಾಯಿತು. ಈಗ ದಕ್ಕೆಗೆ ಬೆಳಗಿನ ಜಾವ ಹೋದರೆ ದೋಣಿಗಳಿಂದ ಮೀನು ಇಳಿಸುವವರಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದ ಮಾತು ಕೇಳಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ ಇರುವ ದಿನಗಳಲ್ಲಿ ಅವರಲ್ಲಿ ಹೆಚ್ಚಿನವರು ಊರಿಗೆ ಹೋಗುತ್ತಾರೆ. ನಮ್ಮ ಹಿರಿಯರು ಮಳೆಗೆ ಮೊದಲು ಘಟ್ಟ ಇಳಿಯುತ್ತಿದ್ದ ಹಾಗೆಯೇ.

ಬೊಂಬಾಯಿಯ ಪಟ್ಟಿ

ಮುಖ ನೋಡಿ ಅನುಮಾನಿಸುವುದು ಎಂದರೇನು ಎಂಬುದನ್ನು ನಮ್ಮವರಿಗೆ ಕಲಿಸಿದ್ದು ಬೊಂಬಾಯಿ. ಇಪ್ಪತ್ತನೇ ಶತಮಾನದ ಆರಂಭದಿಂದಲೇ ದಕ್ಷಿಣ ಕನ್ನಡದ ಹುಡುಗರು ಹಡಗು ಹತ್ತಿ ಬೊಂಬಾಯಿಗೆ ಹೋಗುತ್ತಿದ್ದರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದವರ ಕತೆ ಇಲ್ಲಿನ ಪ್ರತಿಯೊಂದು ಊರಿನಲ್ಲೂ ಇದೆ.

1960ರಲ್ಲಿ ಬಾಳ ಠಾಕ್ರೆಯವರು ಆರಂಭಿಸಿದ ‘ಮಾರ್ಮಿಕ್’ ವಾರಪತ್ರಿಕೆ ಕೆಲವೇ ವರ್ಷಗಳಲ್ಲಿ ಒಂದು ಹೊಸ ಅಂಕಣ ಶುರು ಮಾಡಿತು. ಅದರಲ್ಲಿ ಇರುತ್ತಿದ್ದುದು ಬೊಂಬಾಯಿಯ ಕಂಪೆನಿ, ಕಚೇರಿಗಳಲ್ಲಿ ಕೆಲಸಕ್ಕಿದ್ದ ದಕ್ಷಿಣ ಭಾರತೀಯರ ಹೆಸರಿನ ಪಟ್ಟಿ. ಓದುಗನಿಗೆ ಬೇರೇನನ್ನೂ ಹೇಳಬೇಕಾಗಿರಲಿಲ್ಲ, ಹೆಸರು ಓದಿದರೆ ಸಾಕಾಗಿತ್ತು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ‘ಲುಂಗಿ ಹಟಾವೋ’ ಎಂಬ ಕೂಗು ಬೀದಿಗೆ ಬಂತು. 1969ರ ಫೆಬ್ರುವರಿಯಲ್ಲಿ ಗಡಿ ವಿವಾದದ ಹೆಸರಿನಲ್ಲಿ ಗಲಭೆಯಾದಾಗ ಉಡುಪಿ ಹೋಟೆಲುಗಳ ಗಾಜು ಪುಡಿಯಾಯಿತು.

ಇಲ್ಲಿ ಒಂದು ಅಂಶ ಗಮನಾರ್ಹ. ಮರಾಠಿ ಯುವಕರ ಅಸಮಾಧಾನ ಪೂರ್ತಿ ಸುಳ್ಳಾಗಿರಲಿಲ್ಲ. 1961ರ ಜನಗಣತಿಯಂತೆ ತಮ್ಮದೇ ರಾಜಧಾನಿಯಲ್ಲಿ ಮರಾಠಿ ಮಾತಾಡುವವರು ಸುಮಾರು ಶೇ. 43 ಮಾತ್ರ. ಹತ್ತಿ ಗಿರಣಿಗಳು ಕುಂಟುತ್ತಿದ್ದವು, ಗುಮಾಸ್ತೆ ಕೆಲಸಗಳಿಗೆ ಪೈಪೋಟಿ ಇತ್ತು. ಕಷ್ಟ ನಿಜ. ಆದರೆ ದಕ್ಷಿಣದ ಭಾಷೆಗಳವರು ನಗರದ ಜನಸಂಖ್ಯೆಯಲ್ಲಿ ಹತ್ತನೇ ಒಂದು ಪಾಲೂ ಇರಲಿಲ್ಲ. ಗಿರಣಿ ನಡೆಸುವ ಬಂಡವಾಳ ಅವರ ಕೈಯಲ್ಲಿರಲಿಲ್ಲ. ಕೂಲಿಯ ಪ್ರಶ್ನೆಗೆ ಮುಖದಲ್ಲಿ ಉತ್ತರ ಹುಡುಕಿದ್ದರ ಫಲವಾಗಿ ಕಾರ್ಕಳದ ಹುಡುಗನ ಗಲ್ಲಾಪೆಟ್ಟಿಗೆ ಒಡೆಯಿತು. ಮರಾಠಿ ಯುವಕನಿಗೆ ಅದರಿಂದ ಕೆಲಸ ಸಿಗಲಿಲ್ಲ.

‘ವೀಸಾ ತೊಂದರೆ’

ಬೊಂಬಾಯಿಗೆ ಹೋದವರು ದೇಶದೊಳಗೇ ಇದ್ದ ಪ್ರಜೆಗಳು. ಕೊಲ್ಲಿಗೆ ಹೋದವರ ಕತೆ ಬೇರೆ. ಅಲ್ಲಿ ಕಾಗದದ ಪ್ರಶ್ನೆ ನಿಜವಾಗಿಯೂ ಇದೆ.

ಕೊಲ್ಲಿ ರಾಷ್ಟ್ರಗಳಲ್ಲಿ ಹೊರಗಿನ ಕೆಲಸಗಾರ ಒಬ್ಬ ಪ್ರಾಯೋಜಕನ ಹೆಸರಿನಲ್ಲಿ ಬರುತ್ತಾನೆ. ಇದಕ್ಕೆ ‘ಕಫಾಲಾ’ ಪದ್ಧತಿ ಎನ್ನುತ್ತಾರೆ. ಸಂಬಳ ಕೊಡದ ಮಾಲೀಕನನ್ನು ಬಿಟ್ಟು ಬೇರೆ ಕಡೆ ಕೆಲಸಕ್ಕೆ ಸೇರಿದರೆ ಅವನ ಕಾಗದ ಸತ್ತುಹೋಗುತ್ತಿತ್ತು. ಸೌದಿಯಲ್ಲಿ ಮಾಲೀಕ ಹೋಗಿ ‘ಓಡಿಹೋದವನು’ ಎಂದು ಬರೆಸಿದರೆ ಸಾಕಾಗಿತ್ತು, ಅವನು ಕಾನೂನಿನ ಕಣ್ಣಿನಲ್ಲಿ ಅಪರಾಧಿಯಾಗುತ್ತಿದ್ದ. ಹೀಗೆ ಕಾಗದ ಕಳೆದುಕೊಂಡು ಮರೆಯಲ್ಲಿ ದುಡಿಯುವವರನ್ನು ನಮ್ಮವರೇ ‘ಖಲ್ಲಿವಲ್ಲಿ’ ಎಂದು ಕರೆಯುತ್ತಾರೆ. ಅರಬಿಯಲ್ಲಿ ಆ ಮಾತಿಗೆ ‘ಬಿಟ್ಟುಬಿಡು’ ಎಂಬಂಥ ಅರ್ಥ.

ಸಂಯುಕ್ತ ಅರಬ್ ಸಂಸ್ಥಾನ ಇಂಥವರಿಗೆ ದಂಡವಿಲ್ಲದೆ ಹೊರಟುಹೋಗಲು 1996ರಲ್ಲಿ ಕ್ಷಮಾದಾನ ಘೋಷಿಸಿತು. ಆಮೇಲೂ 2007, 2018, 2024ರಲ್ಲಿ ಇಂಥದೇ ಅವಕಾಶ ಕೊಟ್ಟಿತು. ಸೌದಿ ಅರೇಬಿಯಾ ‘ನಿತಾಖತ್’ ಎಂಬ ಸ್ವದೇಶಿ ಉದ್ಯೋಗ ನೀತಿ ತಂದು 2013ರಲ್ಲಿ ನೀಡಿದ ಗಡುವಿನೊಳಗೆ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಹಿಂದಿರುಗಿದರು. ಅವರಲ್ಲಿ ಕರಾವಳಿಯವರೂ ಇದ್ದರು. ಅವರನ್ನು ಊರಿನಲ್ಲಿ ಯಾರೂ ‘ಅಕ್ರಮ ವಲಸಿಗರು’ ಎನ್ನಲಿಲ್ಲ. ‘ಪಾಪ, ವೀಸಾ ತೊಂದರೆಯಾಗಿ ಬಂದ’ ಎಂದರು.

ಈ ಮಾತು ತಪ್ಪಲ್ಲ. ಅಲ್ಲಿನ ಕಾನೂನಿನ ಪ್ರಕಾರ ಅವನು ಅಕ್ರಮವಾಗಿಯೇ ಇದ್ದ. ಅವನನ್ನು ಕಳುಹಿಸುವ ಹಕ್ಕು ಆ ದೇಶಕ್ಕಿತ್ತು. ಆದರೂ ನಮಗೆ ಅವನ ಹಿಂದಿನ ಕತೆ ಗೊತ್ತಿತ್ತು. ಏಜೆಂಟನಿಗೆ ಕೊಟ್ಟ ಸಾಲ, ತಂಗಿಯ ಮದುವೆ, ಮೂರು ತಿಂಗಳು ಬಾರದ ಸಂಬಳ ನಮಗೆ ಗೊತ್ತಿತ್ತು. ಬೇರೆ ಊರಿನಿಂದ ನಮ್ಮಲ್ಲಿಗೆ ಬಂದವನ ಹಿಂದೆಯೂ ಇಂಥದೊಂದು ಕತೆ ಇರುತ್ತದೆ. ಅದು ನಮಗೆ ಗೊತ್ತಿರುವುದಿಲ್ಲ, ಅಷ್ಟೆ.

ಕಾಗದ ಏನು ಹೇಳುತ್ತದೆ?

ಇನ್ನು ಕಾನೂನಿನ ವಿಷಯ. ಸಂವಿಧಾನದ 19ನೇ ವಿಧಿ ದೇಶದ ಯಾವ ಮೂಲೆಗೂ ಹೋಗಿ ನೆಲೆಸುವ ಹಕ್ಕನ್ನು ಪ್ರಜೆಗೆ ಕೊಟ್ಟಿದೆ. ಮಾಲ್ದಾದವನು ಮಂಗಳೂರಿಗೆ ಬರಲು ಯಾರ ಅಪ್ಪಣೆಯೂ ಬೇಕಿಲ್ಲ. ಈ ಹಕ್ಕು ವಿದೇಶಿಗೆ ಇಲ್ಲ. ಆದರೆ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ನೀಡುವ 21ನೇ ವಿಧಿ ‘ಪ್ರಜೆ’ ಎನ್ನುವುದಿಲ್ಲ, ‘ವ್ಯಕ್ತಿ’ ಎನ್ನುತ್ತದೆ. ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಪ್ರಜೆಯಾಗಿರಲಿ ಇಲ್ಲದಿರಲಿ, ಗುಂಪಿನ ಕೈಯಿಂದ ಅವನ ಜೀವ ಉಳಿಸುವುದು ಸರಕಾರದ ಕರ್ತವ್ಯ ಎಂದಿತು.

ಅಪ್ಪಣೆಯಿಲ್ಲದೆ ಬಂದ ವಿದೇಶಿಯನ್ನು ಪತ್ತೆಹಚ್ಚಿ ಹೊರಗೆ ಕಳುಹಿಸಲು 1946ರ ವಿದೇಶಿಯರ ಕಾಯ್ದೆ ಇತ್ತು. ಅದರ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಎರಡರಲ್ಲೂ ಸಾಮಾನ್ಯವಾದ ಅಂಶ ಒಂದಿದೆ. ತಾನು ವಿದೇಶಿ ಅಲ್ಲ ಎಂದು ತೋರಿಸುವ ಹೊಣೆ ಸಂಶಯಕ್ಕೆ ಒಳಗಾದವನ ಮೇಲೆಯೇ ಇರುತ್ತದೆ. ಸಾಮಾನ್ಯ ಅಪರಾಧಗಳಲ್ಲಿ ಹೀಗಿಲ್ಲ. ಅಲ್ಲಿ ಆರೋಪ ಮಾಡಿದವರು ಅದನ್ನು ರುಜುವಾತುಪಡಿಸಬೇಕು.

ತೋರಿಸುವುದು ಹೇಗೆ? 1955ರ ಪೌರತ್ವ ಕಾಯ್ದೆಯ ಪ್ರಕಾರ 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಅನಂತರ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. 2004ರ ಡಿಸೆಂಬರ್ 3ರ ಬಳಿಕ ಹುಟ್ಟಿದವರಿಗೆ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂಬ ಷರತ್ತೂ ಸೇರಿತು. ಅಂದರೆ ಮೂವತ್ತು ವರ್ಷದ ಕೂಲಿಗಾರ ತನ್ನ ಕಾಗದದ ಜೊತೆಗೆ ತಂದೆಯದ್ದನ್ನೋ ತಾಯಿಯದ್ದನ್ನೋ ಹುಡುಕಬೇಕು. ಬಹುಮಂದಿ ಅಂದುಕೊಂಡಿರುವಂತೆ ಆಧಾರ್ ಪೌರತ್ವದ ಪುರಾವೆ ಅಲ್ಲ. 2016ರ ಆಧಾರ್ ಕಾಯ್ದೆಯಲ್ಲೇ ಹಾಗೆಂದು ಬರೆದಿದೆ.

ಬಡತನ ಮತ್ತು ಕಾಗದದ ಸಂಬಂಧ ಇಲ್ಲಿ ಬರುತ್ತದೆ. ಮನೆಯಲ್ಲೇ ಹೆರಿಗೆಯಾದವರಿಗೆ ಜನನ ಪತ್ರ ಇರುವುದಿಲ್ಲ. ಜಮೀನು ಇಲ್ಲದವರಿಗೆ ಪಹಣಿ ಇಲ್ಲ. ನೆರೆಯಲ್ಲಿ ಗುಡಿಸಲು ಕೊಚ್ಚಿಹೋದವರಿಗೆ ಇದ್ದ ಕಾಗದವೂ ಇಲ್ಲ. ಅಸ್ಸಾಮಿನಲ್ಲಿ ರಾಷ್ಟ್ರೀಯ ಪೌರತ್ವ ನೋಂದಣಿಗೆ 3.3 ಕೋಟಿ ಜನ ಅರ್ಜಿ ಹಾಕಿದರು. 2019ರ ಆಗಸ್ಟ್ 31ರಂದು ಅಂತಿಮ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಮಂದಿ ಹೊರಗುಳಿದಿದ್ದರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು. ಪಟ್ಟಿಯಲ್ಲಿ ಬಹಳ ಜನ ತಪ್ಪಾಗಿ ಹೊರಗುಳಿದರು ಎಂದು ಒಂದು ಪಕ್ಷದವರು, ಬಹಳ ಜನ ತಪ್ಪಾಗಿ ಒಳಗೆ ಸೇರಿದರು ಎಂದು ಇನ್ನೊಂದು ಪಕ್ಷದವರು ಅಸಮಾಧಾನಗೊಂಡರು.

ತಲಪಾಡಿಯ ಮಣ್ಣಿನ ಗುಡ್ಡೆ

ಬಂಗಾಳಿ ಮಾತನಾಡಿದರೆ ಬಾಂಗ್ಲಾದವನು ಎಂಬ ಗ್ರಹಿಕೆ ಎಷ್ಟು ಸರಿ? 2011ರ ಜನಗಣತಿಯಲ್ಲಿ ಭಾರತದೊಳಗೇ 9.7 ಕೋಟಿ ಜನ ಬಂಗಾಳಿಯನ್ನು ಮಾತೃಭಾಷೆ ಎಂದು ಬರೆಸಿದ್ದರು. ಹಿಂದಿಯನ್ನು ಬಿಟ್ಟರೆ ದೇಶದಲ್ಲಿ ಅತಿ ಹೆಚ್ಚು ಮಂದಿ ಆಡುವ ಭಾಷೆ ಅದು. ನಾಲ್ಕು ಸಾವಿರ ಕಿಲೋಮೀಟರಿಗೂ ಉದ್ದದ ಗಡಿಯ ಎರಡೂ ಬದಿಯಲ್ಲಿ ಒಂದೇ ಮಾತು, ಒಂದೇ ಊಟ, ಒಂದೇ ಬಗೆಯ ಹೆಸರುಗಳು.

ಇದು ನಮಗೆ ಅರ್ಥವಾಗದ ವಿಷಯವೇನಲ್ಲ. ತಲಪಾಡಿಯ ಆಚೆಗಿನ ಮಂಜೇಶ್ವರದವನ ತುಳುವಿಗೂ ಈಚೆಗಿನ ಸೋಮೇಶ್ವರದವನ ತುಳುವಿಗೂ ವ್ಯತ್ಯಾಸ ಹೇಳಬಲ್ಲವರು ಯಾರು? 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದರೂ ಅಲ್ಲಿಯವರಿಗೆ ಆಸ್ಪತ್ರೆ, ಕಾಲೇಜು, ಪೇಟೆ ಎಲ್ಲ ಮಂಗಳೂರೇ ಆಗಿತ್ತು. 2020ರ ಮಾರ್ಚಿನಲ್ಲಿ ಕೋವಿಡ್ ಭೀತಿಯಿಂದ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಮಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಕಾಸರಗೋಡಿನ ರೋಗಿಗಳು ಗಡಿಯಲ್ಲೇ ನಿಲ್ಲಬೇಕಾಯಿತು. ದಾರಿ ಸಿಗದೆ ಪ್ರಾಣ ಬಿಟ್ಟವರೂ ಇದ್ದರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ನಿನ್ನೆಯವರೆಗೆ ನೆರೆಯವನಾಗಿದ್ದವನು ಒಂದು ಲಾರಿ ಮಣ್ಣಿನಿಂದ ಹೊರಗಿನವನಾದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಎರಡು ಬಗೆಯ ತಪ್ಪು

ಹಾಗಾದರೆ ಅಕ್ರಮವಾಗಿ ಬಂದವರೇ ಇಲ್ಲವೇ? ಇದ್ದಾರೆ. 2024ರ ಅಕ್ಟೋಬರಿನಲ್ಲಿ ಮಂಗಳೂರು ವಿಮಾನ ನಿಲ್ದಾಣದಿಂದ ದುಬೈಗೆ ಹೊರಟಿದ್ದ ಬಾಂಗ್ಲಾದೇಶದ ಪ್ರಜೆಯೊಬ್ಬ ಸಿಕ್ಕಿಬಿದ್ದ. ಅವನ ಜಾಡು ಹಿಡಿದು ಹೋದ ಪೊಲೀಸರಿಗೆ ಉಡುಪಿ ಜಿಲ್ಲೆಯ ಮಲ್ಪೆಯ ಕಡೆ ನಕಲಿ ದಾಖಲೆಯ ಮೇಲೆ ನೆಲೆಸಿದ್ದ ಇನ್ನೂ ಕೆಲವರು ಸಿಕ್ಕರು. ಅವನೂ ಹೊರಟಿದ್ದು ದುಬೈಗೆ. ನಕಲಿ ಆಧಾರ್ ಮಾಡಿಕೊಡುವ ಜಾಲಗಳಿವೆ, ಗಡಿ ದಾಟಿಸುವ ದಲ್ಲಾಳಿಗಳಿದ್ದಾರೆ. ಇದನ್ನು ಹೇಳಿದವರನ್ನೆಲ್ಲ ದ್ವೇಷಿಗಳೆಂದು ಕರೆದರೆ ನಿವೃತ್ತ ಶಿಕ್ಷಕರ ಆತಂಕಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ.

ಇನ್ನೊಂದು ಬಗೆಯ ತಪ್ಪೂ ಇದೆ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದವರ ಶೆಡ್ಡು’ ಎಂಬ ಮಾತಿನ ಮೇಲೆ ನೂರಾರು ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿದ್ದ ಅನೇಕರು ಅಸ್ಸಾಂ, ತ್ರಿಪುರ, ಪಶ್ಚಿಮ ಬಂಗಾಳದವರು. ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಕರ್ನಾಟಕ ಹೈಕೋರ್ಟ್ ತೆರವಿಗೆ ತಡೆ ನೀಡಿತು. 2025ರ ಜೂನಿನಲ್ಲಿ ದೆಹಲಿಯಲ್ಲಿ ಹಿಡಿದ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬಳನ್ನು ಕುಟುಂಬದೊಡನೆ ಬಾಂಗ್ಲಾದೇಶಕ್ಕೆ ದಾಟಿಸಲಾಯಿತು. ಸೆಪ್ಟೆಂಬರಿನಲ್ಲಿ ಕಲ್ಕತ್ತಾ ಹೈಕೋರ್ಟ್ ಅವರನ್ನು ವಾಪಸು ಕರೆತರುವಂತೆ ಆದೇಶಿಸಿತು. ಆಕೆ ಮರಳಿ ಬಂದದ್ದು ಡಿಸೆಂಬರಿನಲ್ಲಿ.

ಮಲ್ಪೆಯಲ್ಲಿ ನೆಲೆಸಿದ್ದವರ ಬಳಿ ದಾಖಲೆ ಇತ್ತು, ಅದು ನಕಲಿ. ಬೀರ್‌ಭೂಮ್‌ನ ಹೆಣ್ಣುಮಗಳು ಈ ದೇಶದವಳು, ಅವಳ ಮಾತನ್ನು ಕೇಳುವ ವ್ಯವಧಾನ ಇರಲಿಲ್ಲ. ಎರಡೂ ಪ್ರಕರಣಗಳಲ್ಲಿ ಮುಖ ನೋಡಿ ಹೇಳಬಹುದಾಗಿದ್ದದ್ದು ಏನೂ ಇರಲಿಲ್ಲ. ಊರಿಗೆ ವಿಚಾರಿಸಿ, ದಾಖಲೆ ತರಿಸಿ, ಒಬ್ಬೊಬ್ಬರನ್ನೇ ಪರಿಶೀಲಿಸುವುದು ನಿಧಾನದ ಕೆಲಸ. ಅದನ್ನು ಮಾಡಬೇಕಾದವರು ಪೊಲೀಸರು ಮತ್ತು ನ್ಯಾಯಾಲಯ.

ಆ ಕೆಲಸವನ್ನು ಬೀದಿ ಕೈಗೆತ್ತಿಕೊಂಡರೆ ಏನಾಗುತ್ತದೆ ಎಂಬುದನ್ನೂ ಮಂಗಳೂರು ನೋಡಿದೆ. 2025ರ ಏಪ್ರಿಲ್ 27ರಂದು ನಗರದ ಹೊರವಲಯದ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಮೈದಾನದ ಬಳಿ ಒಬ್ಬ ಅಪರಿಚಿತನನ್ನು ಗುಂಪು ಹೊಡೆದು ಕೊಂದಿತು. ಪಾಕಿಸ್ತಾನದ ಪರ ಘೋಷಣೆ ಕೂಗಿದ ಎಂಬ ಮಾತು ಅನಂತರ ಹಬ್ಬಿತು. ಆತ ಕೇರಳದ ವಯನಾಡಿನ ಮೂಲದವನು, ಗುಜರಿ ಹೆಕ್ಕಿ ಬದುಕುತ್ತಿದ್ದವನು ಎಂಬುದು ತಿಳಿದದ್ದು ಅವನು ಸತ್ತ ಮೇಲೆ. ಪೊಲೀಸರು ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಯಾರೆಂದು ಕೇಳುವ ಮೊದಲೇ ತೀರ್ಪು ಮುಗಿದಿತ್ತು.

ಜನಾಂಗದ್ವೇಷ ಎನ್ನಬಹುದೇ?

‘ನಾವೆಲ್ಲ ಒಂದೇ ಬಣ್ಣದವರು, ಇಲ್ಲಿ ಜನಾಂಗಭೇದ ಎಲ್ಲಿ ಬಂತು?’ ಎಂದು ಕೇಳುವವರಿದ್ದಾರೆ. ವಿಶ್ವಸಂಸ್ಥೆ 1965ರಲ್ಲಿ ಅಂಗೀಕರಿಸಿದ, ಭಾರತ 1968ರಲ್ಲಿ ಅನುಮೋದಿಸಿದ ಒಪ್ಪಂದದಲ್ಲಿ ಜನಾಂಗಭೇದಕ್ಕೆ ಕೊಟ್ಟಿರುವ ಅರ್ಥ ವಿಶಾಲವಾಗಿದೆ. ಜನಾಂಗ, ಬಣ್ಣ, ವಂಶ, ರಾಷ್ಟ್ರೀಯ ಅಥವಾ ಬುಡಕಟ್ಟಿನ ಮೂಲ ಇವುಗಳಲ್ಲಿ ಯಾವುದರ ಮೇಲೆ ಭೇದ ಮಾಡಿದರೂ ಅದು ಜನಾಂಗಭೇದ. ಅದೇ ಒಪ್ಪಂದ ಪ್ರಜೆ ಮತ್ತು ವಿದೇಶಿಯ ನಡುವೆ ರಾಷ್ಟ್ರಗಳು ವ್ಯತ್ಯಾಸ ಮಾಡುವುದನ್ನು ಒಪ್ಪುತ್ತದೆ. ಯಾವುದೇ ಒಂದು ದೇಶದವರನ್ನು ಮಾತ್ರ ಗುರಿ ಮಾಡುವುದನ್ನು ಒಪ್ಪುವುದಿಲ್ಲ.

ಎರಡೂ ಪಕ್ಷದವರು ಇದನ್ನು ಓದಿಕೊಂಡರೆ ಅರ್ಧ ಜಗಳ ತೀರುತ್ತದೆ. ಗಡಿ ಕಾಯುವುದು, ಕಾಗದ ಕೇಳುವುದು ಜನಾಂಗದ್ವೇಷವಲ್ಲ. ಶೆಡ್ಡಿನಲ್ಲಿ ಮಲಗುವ ಬಂಗಾಳಿ ಮಾತಿನ ಕೂಲಿಯನ್ನು ಮಾತ್ರ ಕೇಳಿ ಉಳಿದವರನ್ನು ಬಿಟ್ಟರೆ ಆ ಆರೋಪಕ್ಕೆ ಉತ್ತರ ಹೇಳುವುದು ಕಷ್ಟ.

ಅಗ್ಗದ ಕೈಗಳು

ಇಷ್ಟೆಲ್ಲ ಗದ್ದಲದಲ್ಲಿ ಎರಡನೆಯ ಪ್ರಶ್ನೆ ಮರೆತುಹೋಗುತ್ತದೆ. ಕೂಲಿಯ ಪ್ರಶ್ನೆ. ಹೊರಗಿನಿಂದ ಬಂದವರು ಕೂಲಿ ಕೆಡಿಸುತ್ತಾರೆ ಎಂಬ ಸ್ಥಳೀಯ ಕೆಲಸಗಾರನ ದೂರನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ಕೂಲಿ ಇಳಿಸುವುದು ಕೂಲಿಗಾರನಲ್ಲ.

ರಾಜ್ಯದಿಂದ ರಾಜ್ಯಕ್ಕೆ ಕರೆತಂದ ಕೆಲಸಗಾರರ ರಕ್ಷಣೆಗೆ 1979ರಲ್ಲೇ ಅಂತಾರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದಿತ್ತು. ಐದು ಮತ್ತು ಹೆಚ್ಚು ಮಂದಿಯನ್ನು ಕರೆತರುವ ಗುತ್ತಿಗೆದಾರ ಪರವಾನಗಿ ಪಡೆಯಬೇಕು, ಕೆಲಸಗಾರರ ವಿವರ ಅಧಿಕಾರಿಗಳಿಗೆ ಕೊಡಬೇಕು, ಪ್ರಯಾಣ ಭತ್ಯೆ ಮತ್ತು ತಕ್ಕ ವಸತಿ ಒದಗಿಸಬೇಕು ಎಂದು ಅದರಲ್ಲಿತ್ತು. ಈಗ ಅದು 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯೊಳಗೆ ಸೇರಿದೆ. ಕಾಯ್ದೆ ನಾಲ್ಕು ದಶಕ ಪುಸ್ತಕದಲ್ಲೇ ಇತ್ತು. ಅದು ಸರಿಯಾಗಿ ನಡೆದಿದ್ದರೆ ಶಿಕ್ಷಕರ ಮನೆಯ ಹಿಂದಿನ ಶೆಡ್ಡಿನಲ್ಲಿ ಯಾರಿದ್ದಾರೆ ಎಂಬುದು ಕಾರ್ಮಿಕ ಇಲಾಖೆಯ ದಾಖಲೆಯಲ್ಲೇ ಸಿಗುತ್ತಿತ್ತು.

2020ರ ಮೇ ತಿಂಗಳು ಇದನ್ನು ಬಿಚ್ಚಿ ತೋರಿಸಿತು. ಲಾಕ್‌ಡೌನಿನಲ್ಲಿ ಕೆಲಸ, ಊಟ ಇಲ್ಲದೆ ಊರಿಗೆ ಹೊರಟ ಕಾರ್ಮಿಕರ ರೈಲುಗಳನ್ನು ಕರ್ನಾಟಕ ಸರಕಾರ ಕಟ್ಟಡ ನಿರ್ಮಾಪಕರೊಂದಿಗೆ ಸಭೆ ನಡೆಸಿದ ಬೆನ್ನಿಗೆ ರದ್ದು ಮಾಡಿತು. ಟೀಕೆ ಬಂದ ಮೇಲೆ ಮತ್ತೆ ಓಡಿಸಿತು. ಮಂಗಳೂರಿನ ರೈಲು ನಿಲ್ದಾಣದ ಮುಂದೆಯೂ ನೂರಾರು ಮಂದಿ ಗಂಟುಮೂಟೆ ಹೊತ್ತು ನಿಂತರು. ಅದೇ ಮೇ 12ರಂದು ದುಬೈಯಲ್ಲಿ ಸಿಕ್ಕಿಬಿದ್ದ ನಮ್ಮವರನ್ನು ಹೊತ್ತ ಮೊದಲ ವಿಮಾನ ಮಂಗಳೂರಿನಲ್ಲಿ ಇಳಿಯಿತು. ಒಂದೇ ಊರು, ಒಂದೇ ವಾರ, ಎರಡು ಸಾಲು. ಇಬ್ಬರದೂ ಬೇಡಿಕೆ ಒಂದೇ ಆಗಿತ್ತು, ಮನೆಗೆ ಹೋಗಬೇಕು.

ಕಾಗದವಿಲ್ಲದ ಕೆಲಸಗಾರ ಅಗ್ಗವಾಗುವುದಕ್ಕೆ ಕಾರಣ ಒಂದೇ. ಅವನು ದೂರು ಕೊಡಲಾರ. ದುಬೈಯ ಖಲ್ಲಿವಲ್ಲಿಗೂ ಇದು ಅನ್ವಯ, ಮಲ್ಪೆಯ ಬಾಂಗ್ಲಾದವನಿಗೂ ಅನ್ವಯ. ತನ್ನ ಕಾಗದ ಸರಿಯಿದ್ದರೂ ‘ಬಾಂಗ್ಲಾದವನು’ ಎಂದಾರು ಎಂದು ಅಂಜುವ ಮಾಲ್ದಾದವನೂ ದೂರು ಕೊಡಲಾರ. ಕನಿಷ್ಠ ಕೂಲಿ ಎಲ್ಲರಿಗೂ ಸಿಗುವಂತೆ ನೋಡಿಕೊಂಡರೆ, ಗುತ್ತಿಗೆದಾರನ ಪುಸ್ತಕ ಪರಿಶೀಲಿಸಿದರೆ, ಅಕ್ರಮವಾಗಿ ಬಂದವನನ್ನು ಇಟ್ಟುಕೊಳ್ಳುವುದರಲ್ಲಿ ಲಾಭವೇ ಉಳಿಯುವುದಿಲ್ಲ. ಸ್ಥಳೀಯನ ಕೂಲಿಯೂ ಉಳಿಯುತ್ತದೆ. ಬೀದಿಯಲ್ಲಿ ಕೂಲಿಯ ಕೊರಳಪಟ್ಟಿ ಹಿಡಿಯುವುದು ಸುಲಭ. ಗುತ್ತಿಗೆದಾರನ ಕಚೇರಿಯ ಬಾಗಿಲು ತಟ್ಟುವವರು ಕಡಿಮೆ.

ಶೆಡ್ಡಿನಿಂದ ಬಂದ ಮೇಲೆ ನಿವೃತ್ತ ಶಿಕ್ಷಕರ ಮನೆಗೆ ಹೋಗಿ ಕಂಡದ್ದನ್ನು ಹೇಳಿದೆ. ಕೊಪ್ಪಳದ ಮೂವರ ವಿಷಯ ಕೇಳಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಸರಿ. ಆದರೆ ಅವರ ಹೆಸರು, ಊರು ಬರೆದುಕೊಳ್ಳುವವರು ಯಾರೋ ಒಬ್ಬರು ಇರಬೇಕಿತ್ತಲ್ಲ? ನಾನು ಕೇಳಿದ್ದು ಅದನ್ನೇ” ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಅದನ್ನು ಕೇಳಬೇಕಾದ ಬಾಗಿಲು ಮಾತ್ರ ಶೆಡ್ಡಿನದಲ್ಲ. ಹೊರಡುವಾಗ ಅವರು, “ಅವರಿಗೆ ಕುಡಿಯುವ ನೀರು ಎಲ್ಲಿಂದ?” ಎಂದು ಕೇಳಿದರು. ನಾನು ಅದನ್ನು ವಿಚಾರಿಸಿರಲಿಲ್ಲ. “ನಮ್ಮ ಬಾವಿ ಇದೆ, ನಾಳೆ ಹೋಗಿ ಹೇಳುತ್ತೇನೆ” ಎಂದರು.